ಬಲೆಗೆ ಸೀಸ ಕಟ್ಟುವವರು ಬಿಪಿ ಏರದಂತೆ ಏನು ಮಾಡಬೇಕು?

ಜೂನ್, ಜುಲೈ ಅಂದರೆ ಯಾಂತ್ರಿಕ ದೋಣಿಗಳಿಗೆ ರಜೆ. ಕಾರವಾರದಿಂದ ಹೊನ್ನಾವರದ ತನಕ ಎಷ್ಟೋ ಮನೆಗಳ ಜಗುಲಿಯಲ್ಲಿ ಬಲೆ ರಿಪೇರಿ ನಡೆದಿರುತ್ತದೆ. ಹೊರಗೆ ಧೋ ಅಂತ ಮಳೆ, ಹಾಗಾಗಿ ಹಳೇ ಸೀಸವನ್ನು ಒಳಗಿನ ಒಲೆ ಮೇಲೇ ಕರಗಿಸಿ, ಬಲೆ ಮುಳುಗಲು ಕಟ್ಟುವ ಗುಂಡು ಮಾಡಿಕೊಳ್ಳುವವರೂ ಇದ್ದಾರೆ. ಮೊದಲು ನಿಲ್ಲಿಸಬೇಕಾದದ್ದು ಇದನ್ನೇ.

ಸೀಸ ಅಂದರೆ ಮಕ್ಕಳ ಬುದ್ಧಿಗೆ ಕೆಟ್ಟದ್ದು ಅಂತ ಕೇಳಿರುತ್ತೀರಿ. ದೊಡ್ಡವರಿಗೆ ಅದು ರಕ್ತನಾಳಕ್ಕೇ ಕೈ ಹಾಕುತ್ತದೆ. ನಾಳದ ಗೋಡೆಯಲ್ಲಿರುವ ಸ್ನಾಯು ಬಿಗಿಯಾಗುವುದು ಕ್ಯಾಲ್ಸಿಯಂನಿಂದ. ಸಡಿಲಾಗುವುದು ಒಳಪದರ ಬಿಡುವ ನೈಟ್ರಿಕ್ ಆಕ್ಸೈಡ್‌ನಿಂದ. ಸೀಸ ಕ್ಯಾಲ್ಸಿಯಂ ವೇಷ ಕಟ್ಟಿಕೊಂಡು ಜೀವಕೋಶದ ಒಳಗೆ ಹೋಗಿ ಬಿಗಿಯಾಗುವ ಕೆಲಸಕ್ಕೆ ಕುಮ್ಮಕ್ಕು ಕೊಡುತ್ತದೆ, ಅದರ ಜೊತೆಗೆ ಫ್ರೀ ರ‍್ಯಾಡಿಕಲ್ ಅನ್ನುವ, ಜೀವಕೋಶಕ್ಕೆ ಹಾನಿ ಮಾಡುವ ಕಣಗಳನ್ನು ಹೆಚ್ಚಿಸಿ ನೈಟ್ರಿಕ್ ಆಕ್ಸೈಡ್ ಕಡಿಮೆ ಮಾಡುತ್ತದೆ. ನಾಳ ಕಿರಿದಾಗುತ್ತದೆ, ಬಿಪಿ ಏರುತ್ತದೆ. ಕಿಡ್ನಿಗೂ ಪೆಟ್ಟು ಬೀಳುತ್ತದೆ, ಅದರಿಂದ ಬಿಪಿ ಇನ್ನೂ ಜಾಸ್ತಿ.

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ಸೌದೆ ಒಲೆಗೆ ಅದೇನೂ ದೊಡ್ಡದಲ್ಲ. ಹೊಗೆಗಿಂತ ಮೋಸ ಮಾಡುವುದು ಮೇಲೆ ಕಟ್ಟುವ ಬೂದು ಬಣ್ಣದ ಕೆನೆ. ಅದನ್ನು ಚಮಚದಲ್ಲಿ ತೆಗೆದು ಅಲ್ಲೇ ಒಲೆ ಪಕ್ಕ ಸುರಿದರೆ ಒಣಗಿದ ಪುಡಿ ಇಡೀ ಅಡುಗೆಮನೆಗೆ ಹಾರುತ್ತದೆ, ಮಗು ಅಂಬೆಗಾಲಿಡುವುದೂ ಅದೇ ನೆಲದಲ್ಲಿ ಅಲ್ವಾ? ಆದಷ್ಟು ಸಿದ್ಧ ಗುಂಡನ್ನೇ ಕೊಂಡು ತನ್ನಿ. ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವ ಸಾಹಸ ಮಾತ್ರ ಬೇಡವೇ ಬೇಡ.

ಸಿದ್ಧ ಗುಂಡು ಕಟ್ಟುವಾಗಲೂ ಬೆರಳು ಕಪ್ಪಾಗುತ್ತದೆ. ಆ ಕೈಯಲ್ಲೇ ಎಲೆಗೆ ಸುಣ್ಣ ಸವರಿ ಕವಳ ಹಾಕಿದರೆ ಸೀಸ ನೇರ ಹೊಟ್ಟೆಗೆ. ಬೀಡಿಯೂ ಅಷ್ಟೇ. ಗಾಳದ ದಾರಕ್ಕೆ ಗುಂಡು ಕೂರಿಸಲು ಹಲ್ಲಲ್ಲಿ ಕಚ್ಚುವ ಅಭ್ಯಾಸ ಇದ್ದರೆ ಇವತ್ತೇ ಒಂದು ಇಕ್ಕಳ ತಗೊಳ್ಳಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಉಗುರಿನ ಸಂದಿ ತನಕ ಉಜ್ಜಿ ತೊಳೆಯಿರಿ. ಕೆಲಸಕ್ಕೆ ಹಾಕಿದ್ದ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ನೆನೆಹಾಕಬೇಡಿ. ಜಗುಲಿಯನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ದೋಣಿಯ ಹಳೇ ಬಣ್ಣದಲ್ಲೂ ಸೀಸ ಇರಬಹುದು, ಹಾಗಾಗಿ ಒಣಗಿದ ಹಾಗೇ ಉಜ್ಜದೆ ನೀರು ಚಿಮುಕಿಸಿ ಕೆರೆಯಿರಿ.

ಖಾಲಿ ಹೊಟ್ಟೆಯಲ್ಲಿ ದೇಹ ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇದ್ದವರಲ್ಲೂ ಹಾಗೇ. ಗಂಜಿ ಕುಡಿದೇ ಕೂತುಕೊಳ್ಳಿ. ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಈ ಮಟ್ಟಿಗೆ ಒಳ್ಳೆಯದೇ.

ಬಿಪಿ ಇದ್ದರೆ ಡಾಕ್ಟರ ಹತ್ತಿರ ಸೀಸದ ಕೆಲಸದ ಬಗ್ಗೆ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳುವುದು ಕಡಿಮೆ. ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡುವ ಪರೀಕ್ಷೆಯೇ ಬೇರೆ, ಮಾಮೂಲಿ ಟೆಸ್ಟಿನಲ್ಲಿ ಅದು ಕಾಣುವುದಿಲ್ಲ. 5 ಮೈಕ್ರೋಗ್ರಾಂ ಪ್ರತಿ ಡೆಸಿಲೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲ ಹುಡುಕಿ ತಡೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಅದಕ್ಕಿಂತ ಕಡಿಮೆ ಇದ್ದರೆ ಸುರಕ್ಷಿತ ಅಂತಲ್ಲ. ಬಿಪಿ ಮಾತ್ರೆ ನೀವಾಗಿ ಬಿಡಬೇಡಿ, ಸೀಸ ಇಳಿಸುತ್ತೇವೆ ಅನ್ನುವ ಪುಡಿಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಸೀಸದ ಸಂಪರ್ಕ ತಪ್ಪಿದರೆ ರಕ್ತದಲ್ಲಿನ ಪ್ರಮಾಣ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಎಲುಬಿಗೆ ಇಳಿದದ್ದು ಮಾತ್ರ ವರ್ಷಗಟ್ಟಲೆ ಕೂತು ನಿಧಾನವಾಗಿ ಮತ್ತೆ ರಕ್ತಕ್ಕೆ ಬರುತ್ತಿರುತ್ತದೆ, ಅದಕ್ಕೇ ಎರಡನೇ ಟೆಸ್ಟು ಯಾವಾಗ ಅಂತ ಡಾಕ್ಟರನ್ನೇ ಕೇಳಿಕೊಂಡು ಬನ್ನಿ.