ಊರಿನ ಸರ್ಕಾರಿ ಬಸ್ ಖಾಸಗಿಗೆ ಹೋಗುತ್ತದೆ ಅಂದರೆ ಮೊದಲು ಏನು ಮಾಡಬೇಕು?

ರೈಲೇ ಇಲ್ಲದ ಜಿಲ್ಲೆ ನಮ್ಮ ಕೊಡಗು. ಬಸ್ ತಪ್ಪಿದರೆ ಜೀಪಿಗೆ ಬಾಡಿಗೆ ಕೊಡಬೇಕು, ಇಲ್ಲಾಂದ್ರೆ ನಡೆಯಬೇಕು. ಹಾಗಾಗಿ ಇಂಥ ಸುದ್ದಿ ಕಿವಿಗೆ ಬಿದ್ದ ದಿನವೇ ಒಂದು ನೋಟ್‌ಬುಕ್ ತನ್ನಿ.

ಎರಡು ವಾರ ಪ್ರತಿ ಟ್ರಿಪ್ಪಿನ ಲೆಕ್ಕ ಬರೆಯಿರಿ. ಎಷ್ಟು ಗಂಟೆಗೆ ಬಂತು, ಎಷ್ಟು ಜನ ಹತ್ತಿದರು, ಅವರಲ್ಲಿ ಪಾಸಿನ ಮಕ್ಕಳೆಷ್ಟು, ಶಕ್ತಿ ಟಿಕೆಟಿನ ಹೆಂಗಸರೆಷ್ಟು. ಒಬ್ಬರೇ ಮಾಡಬೇಡಿ, ಸುಸ್ತಾಗುತ್ತದೆ, ನಾಲ್ಕು ಜನ ಪಾಳಿ ಹಾಕಿಕೊಳ್ಳಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಹೆಂಗಸರ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ, ಅಲ್ವಾ? ಖಾಸಗಿ ಬಸ್ ಬಂದರೆ ತೋಟದ ಕೆಲಸಕ್ಕೆ ಹೋಗುವ ಲೈನ್‌ಮನೆಯ ಅಕ್ಕ ದಿನಾ ಎರಡು ಹೊತ್ತೂ ದುಡ್ಡು ಕೊಡಬೇಕು. ಮಕ್ಕಳ ಕೆಎಸ್‌ಆರ್‌ಟಿಸಿ ಪಾಸೂ ಅಲ್ಲಿ ನಡೆಯುವುದಿಲ್ಲ.

ದರಕ್ಕಿಂತ ಜಾಸ್ತಿ ಭಯ ನನಗೆ ಕೊನೆ ಟ್ರಿಪ್ಪಿನದು. ಖಾಸಗಿಯವರು ಕೆಟ್ಟವರು ಅಂತಲ್ಲ, ಕೊಡಗಿನ ಎಷ್ಟೋ ಊರಿಗೆ ಅವರೇ ಆಸರೆ. ಆದರೆ ಡೀಸೆಲ್, ಸಂಬಳ, ರಿಪೇರಿ ಎಲ್ಲವೂ ಅವರಿಗೆ ಕಲೆಕ್ಷನ್‌ನಲ್ಲೇ ಹುಟ್ಟಬೇಕು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಎಂಟು ಜನರನ್ನು ಕೂರಿಸಿಕೊಂಡು ಭಾಗಮಂಡಲದ ಕಡೆ ಹೋಗುವ ರಾತ್ರಿ ಬಸ್ಸಿನ ನಷ್ಟ ಯಾರು ತುಂಬುತ್ತಾರೆ? ಇಂಗ್ಲೆಂಡಿನಲ್ಲಿ 1986ರ ಅಕ್ಟೋಬರ್‌ನಲ್ಲಿ, ಲಂಡನ್ ಒಂದನ್ನು ಬಿಟ್ಟು, ಬಸ್ಸುಗಳನ್ನು ಪೈಪೋಟಿಗೆ ಬಿಟ್ಟರು. ಲಾಭದ ರೂಟು ಕಂಪನಿಗಳಿಗೆ ಸಿಕ್ಕಿತು, ಯಾರಿಗೂ ಬೇಡವಾದ ರೂಟು ಉಳಿಯಬೇಕಾದರೆ ಸ್ಥಳೀಯ ಆಡಳಿತವೇ ಟೆಂಡರ್ ಕರೆದು ದುಡ್ಡು ಕೊಡಬೇಕಾಯಿತು. ಮ್ಯಾಂಚೆಸ್ಟರ್ ಕಡೆಯವರು 2023ರಿಂದ 2025ರೊಳಗೆ ರೂಟು, ದರ, ವೇಳೆ ಎಲ್ಲವನ್ನೂ ಮತ್ತೆ ಆಡಳಿತದ ಕೈಗೇ ತಂದರು.

ಅದಕ್ಕೇ ಬಾಯಿಮಾತಿನ ಭರವಸೆ ಬೇಡ. ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ದಿನಕ್ಕೆ ಕನಿಷ್ಠ ಇಷ್ಟು ಟ್ರಿಪ್ ಓಡಿಸಲೇಬೇಕು ಅಂತ ಪರ್ಮಿಟ್ಟಿಗೆ ಷರತ್ತು ಹಾಕಲು ಮೋಟಾರು ವಾಹನ ಕಾಯ್ದೆಯ 72ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಪ್ರಾಧಿಕಾರಕ್ಕೆ ಕೊಡುವ ಮನವಿಯಲ್ಲಿ ಇದನ್ನೇ ಕೇಳಿ: ಬೆಳಗಿನ ಮೊದಲ ಬಸ್, ರಾತ್ರಿಯ ಕೊನೆ ಬಸ್, ಭಾನುವಾರವೂ, ಮಳೆಗಾಲದಲ್ಲೂ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ನೋಟ್‌ಬುಕ್ಕಿನ ಲೆಕ್ಕ ಜೊತೆಗಿಡಿ. ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.

ಹೊಸ ಬಸ್ ಓಡಲು ಶುರುವಾದ ಮೇಲೆ ಆರ್‌ಟಿಒ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಪರ್ಮಿಟ್ಟಿನ ಮತ್ತು ವೇಳಾಪಟ್ಟಿಯ ಪ್ರತಿ ತರಿಸಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಆ ವೇಳಾಪಟ್ಟಿಯನ್ನು ಬಸ್ ನಿಲ್ಲುವ ಜಾಗದ ಅಂಗಡಿಗೆ ಅಂಟಿಸಿ. ಟ್ರಿಪ್ ಕಟ್ ಆದ ದಿನ ಸುಮ್ನೆ ಬೈದುಕೊಂಡು ಮನೆಗೆ ಹೋಗಬೇಡಿ; ತಾರೀಖು, ಬಸ್ ನಂಬರ್ ಬರೆದು ಅವತ್ತೇ ದೂರು ಕೊಡಿ. ಷರತ್ತು ಮುರಿದ ಬಸ್ಸಿನ ಪರ್ಮಿಟ್ ಅಮಾನತು ಮಾಡುವ ಅಧಿಕಾರ ಪ್ರಾಧಿಕಾರಕ್ಕಿದೆ.