ಕೆರೆಯ ಏರಿ ಮೇಲೆ ಇರುಳು ನಡಿಗೆ: ದೀಪ ಎಲ್ಲಿಗೆ, ಕತ್ತಲು ಎಲ್ಲಿಗೆ

ಬೆಂಗಳೂರಿನಲ್ಲಿ ಜನವರಿಯ ಸೂರ್ಯ ಮೂಡುವುದು 6.45ರ ಸುಮಾರಿಗೆ. ವಾಕಿಂಗಿನವರು ಕೆರೆಗೆ ಬರುವುದು ಅದಕ್ಕೂ ಒಂದು ಗಂಟೆ ಮುಂಚೆ. ಆಫೀಸು ಮುಗಿಸಿ ಬರುವವರಿಗೂ ಕತ್ತಲೇ ಗತಿ. ಹಾಗಾಗಿ ದೀಪ ಬೇಕು ಅನ್ನುವ ಬೇಡಿಕೆ ನ್ಯಾಯವಾದದ್ದೇ. ಎಡವಟ್ಟಾಗುವುದು ಕೆರೆಯ ಸುತ್ತಲೂ ಒಂದೇ ಸಮನೆ ಕಂಬ ನೆಟ್ಟಾಗ.

ಮೊದಲು ಹಗಲಲ್ಲಿ ಒಂದು ಸುತ್ತು ಹಾಕಿ ಕೈನಕ್ಷೆ ಬರೆದುಕೊಳ್ಳಿ. ನಮ್ಮ ಕೆರೆಗಳಲ್ಲಿ ಆಳದ ನೀರು ಏರಿಯ ಬುಡದಲ್ಲಿ. ಕಾಲುವೆ ಬಂದು ಸೇರುವ ಕಡೆ ನೀರು ತೆಳು, ಜೊಂಡು ಹೆಚ್ಚು. ಇರುಳು ಬಕ ಮೀನಿಗೆ ಹೊಂಚುವುದು, ಕಪ್ಪೆ ಮೊಟ್ಟೆಯಿಡುವುದು ಹೆಚ್ಚಾಗಿ ಆ ತೆಳುನೀರಲ್ಲಿ. ಆದ್ದರಿಂದ ಕತ್ತಲಾದ ಮೇಲಿನ ನಡಿಗೆ ಏರಿಯ ಮೇಲಷ್ಟೇ ಇರಲಿ. ಕಾಲುವೆ ಕಡೆಯ ದಾರಿಗೆ ಸಂಜೆ ಸರಪಳಿ ಬೀಳಲಿ. 'ಪೂರ್ತಿ ರೌಂಡು ಸಿಗಲ್ಲ' ಅಂತ ಗೊಣಗುವವರು ಇದ್ದೇ ಇರುತ್ತಾರೆ. 400 ಮೀಟರಿನ ಏರಿಯಲ್ಲಿ ಐದು ಸಲ ಹೋಗಿಬಂದರೆ 4 ಕಿಲೋಮೀಟರ್ ಆಯಿತಲ್ಲ!

ಇನ್ನು ದೀಪ. ಬೆಳಕಿನ ಬಣ್ಣವನ್ನು ಅಳೆಯುವುದು ಕೆಲ್ವಿನ್‌ನಲ್ಲಿ: ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ. ಅಂಗಡಿಯವರು ಕೈಗಿಡುವುದು ಸಾಮಾನ್ಯವಾಗಿ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ. ಅದರಲ್ಲಿ ನೀಲಿ ಅಂಶ ಜಾಸ್ತಿ. ಹುಳಗಳನ್ನು ಹೆಚ್ಚು ಸೆಳೆಯುವುದು ಅದೇ. ಪೆಟ್ಟಿಗೆಯ ಮೇಲೆ 2700 ಅಥವಾ ಅದಕ್ಕಿಂತ ಕಡಿಮೆ ಬರೆದಿರಬೇಕು, 2200 ಸಿಕ್ಕರೆ ಇನ್ನೂ ಒಳ್ಳೆಯದು. ಆರೇಳು ಮೀಟರಿನ ರಸ್ತೆ ಕಂಬ ಇಲ್ಲಿ ಬೇಡ, ಸೊಂಟದೆತ್ತರದ ಗಿಡ್ಡ ಕಂಬ ಸಾಕು. ಅದನ್ನು ದಾರಿಯ ನೀರಿನ ಬದಿಗೆ ನೆಟ್ಟು, ಬೆನ್ನು ನೀರಿಗೆ, ಮುಖ ದಾರಿಗೆ ಮಾಡಿ. ಬೆನ್ನಿಗೆ ತಗಡಿನ ಮರೆ ಹಾಕಿಸಿ. ರಾತ್ರಿ ಎದುರು ದಡದಿಂದ ನೋಡಿದಾಗ ಬೆಳಗಿದ ದಾರಿ ಕಂಡರೆ ಸರಿ. ಬಲ್ಬಿನ ಚುಕ್ಕಿಯೇ ಕಣ್ಣಿಗೆ ಹೊಡೆದರೆ ಮರೆ ಸಾಲದು.

ಸೋಲಾರ್ ದೀಪ ಕೊಳ್ಳುವವರು ಟೈಮರ್ ಇದೆಯೇ ಎಂದು ಕೇಳಿ. ಟೈಮರ್ ಇಲ್ಲದ್ದು ಮುಸ್ಸಂಜೆಗೆ ಹತ್ತಿಕೊಂಡು, ಯಾರೂ ಇಲ್ಲದ ಹೊತ್ತಲ್ಲೂ ಬ್ಯಾಟರಿ ಮುಗಿಯುವವರೆಗೆ ಉರಿಯುತ್ತದೆ. ಗೇಟು ಮುಚ್ಚಿದ ಅರ್ಧ ಗಂಟೆಗೆ ಆರುವಂತೆ ಹೊಂದಿಸಿ. ಮೋಷನ್ ಸೆನ್ಸರನ್ನು ಪೊದೆಯ ಕಡೆ ತಿರುಗಿಸಬೇಡಿ. ಗಾಳಿಗೆ ರೆಂಬೆ ಆಡಿದರೂ, ನಾಯಿ ಹಾದರೂ ಹತ್ತಿಕೊಳ್ಳುತ್ತದೆ.

ಮುಂಗಾರಿಗೆ ಮುಂಚಿನ ಮೊದಲ ಮಳೆಗಳ ರಾತ್ರಿಯದೇ ಬೇರೆ ಲೆಕ್ಕ. ರೆಕ್ಕೆ ಬಂದ ಗೆದ್ದಲು ದೀಪಕ್ಕೆ ಮುತ್ತುತ್ತದೆ. ಅದನ್ನು ತಿನ್ನಲು ನೆಲಗಪ್ಪೆಗಳು ಕಂಬದ ಬುಡದಲ್ಲಿ, ಅಂದರೆ ಸರಿಯಾಗಿ ನಡೆಯುವ ದಾರಿಯಲ್ಲೇ, ಬಾಯಿ ತೆರೆದು ಕೂರುತ್ತವೆ. ಸೈಕಲ್ ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾಗುವುದು ಆಗಲೇ. ಕಪ್ಪೆಯ ಹಿಂದೆ ಹಾವೂ ಬಂದೀತು. ಅಂಥ ರಾತ್ರಿ ಸೈಕಲ್ಲಿಗೆ ಪ್ರವೇಶ ಬೇಡ. ಗೆದ್ದಲು ಎದ್ದರೆ ಏರಿಯನ್ನೇ ಖಾಲಿ ಮಾಡಿಸಿ ದೀಪ ಆರಿಸಿಬಿಡಿ.

ಹಾವಿನ ಹೆದರಿಕೆಗೆ ಇಡೀ ದಂಡೆ ಬೋಳಿಸುವವರಿದ್ದಾರೆ. ದಾರಿಯ ಎರಡೂ ಬದಿ ಒಂದೊಂದು ಮೀಟರ್ ಹುಲ್ಲು ಕತ್ತರಿಸಿದರೆ ಕಾಲಿಡುವ ಜಾಗ ಕಾಣುತ್ತದೆ. ಉಳಿದದ್ದು ಬೆಳೆದಿರಲಿ. ಮಾರ್ಚಿನಿಂದ ಆಗಸ್ಟಿನವರೆಗೆ ಟಿಟ್ಟಿಭ ಹಕ್ಕಿ ನೆಲದ ಮೇಲೇ ಮೊಟ್ಟೆಯಿಡುವ ಕಾಲ, ಕತ್ತರಿಸುವ ಮುಂಚೆ ನೆಲ ನೋಡಿಕೊಳ್ಳಿ. ನಾಯಿಗೆಂದು ದಡದಲ್ಲಿ ಅನ್ನ ಸುರಿದರೆ ಇಲಿ, ಇಲಿಗೆ ಹಾವು.

ಕಾಡುಪಾಪ (ಇರುಳು ಮರದಲ್ಲಿ ಓಡಾಡುವ, ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ) ಇರುವ ತೋಪಿದ್ದರೆ ಮರಕ್ಕೆ ಸೀರಿಯಲ್ ಸೆಟ್ ಸುತ್ತುವುದು ಬೇಡವೇ ಬೇಡ. ಅದು ಕೋತಿಯಂತೆ ನೆಗೆಯುವ ಪ್ರಾಣಿಯಲ್ಲ, ರೆಂಬೆಯಿಂದ ರೆಂಬೆಗೆ ಕೈಯಿಟ್ಟೇ ದಾಟಬೇಕು; ದಾರಿಗೆ ಅಡ್ಡ ಎಂದು ಕೂಡುಕೊಂಬೆ ಕಡಿದರೆ ಇಳಿದು ನೆಲದ ಮೇಲೆ ಬರುತ್ತದೆ, ನಾಯಿ ಬಾಯಿಗೆ ಸಿಗುತ್ತದೆ. ನೋಡುವ ಆಸೆಯಿದ್ದರೆ ಟಾರ್ಚಿಗೆ ಎರಡು ಪದರ ಕೆಂಪು ಜಿಲೇಟಿನ್ ಹಾಳೆ ಕಟ್ಟಿ, ನಿಮಿಷದೊಳಗೆ ಆರಿಸಿ.

2000ದ ಶಬ್ದ ನಿಯಮದ ಪ್ರಕಾರ ಹೊರಗಡೆ ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ಆದರೆ ಹಕ್ಕಿ ಗೂಡು ಸೇರುವುದು ಮುಸ್ಸಂಜೆಗೆ. ಕೆರೆಯ ಸಂಘದವರು ಗೇಟಿನಲ್ಲೇ 'ಇಯರ್‌ಫೋನ್ ಮಾತ್ರ' ಎಂದು ಬೋರ್ಡು ಹಾಕುವುದು ವಾಸಿ.

ದೀಪ ಹಾಕಿಸಿದ ಮೊದಲ ವಾರ ಬೆಳಿಗ್ಗೆ ಕಂಬಗಳ ಬುಡ ನೋಡುತ್ತ ಬನ್ನಿ. ಒಂದೇ ಕಂಬದಡಿ ಹುಳ ಸತ್ತು ರಾಶಿಬಿದ್ದಿದ್ದರೆ ಅದರ ಬಲ್ಬು ತೆಗೆದು ಪೆಟ್ಟಿಗೆಯ ಮೇಲಿನ ಕೆಲ್ವಿನ್ ಇನ್ನೊಮ್ಮೆ ಓದಿ. ಗುತ್ತಿಗೆದಾರರು ನಡುವೆ ಎರಡು ಬಿಳಿ ಬಲ್ಬು ಸೇರಿಸಿರುವುದು ಅಪರೂಪವೇನಲ್ಲ.