66 ಚೌಕಗಳ ನಾಡು: ಇಸ್ರೇಲ್–ಪ್ಯಾಲೆಸ್ಟೀನ್ ಜಗಳದ ಬುಡ ನೀವೇ ಹುಡುಕುವುದು ಹೇಗೆ?

ಈ ಜಗಳ ಶುರುವಾದದ್ದು ಯಾವಾಗ ಎಂದು ನಾಲ್ಕು ಜನರನ್ನು ಕೇಳಿ. ಒಬ್ಬರು ಮೂರು ಸಾವಿರ ವರ್ಷ ಹಿಂದಕ್ಕೆ ಹೋಗುತ್ತಾರೆ, ಇನ್ನೊಬ್ಬರು 1948 ಅನ್ನುತ್ತಾರೆ, ಮತ್ತೊಬ್ಬರು 1967. ನಾಲ್ಕನೆಯವರು ‘ಧರ್ಮದ ಜಗಳ ಬಿಡಿ’ ಎಂದು ಕೈ ಕೊಡವಿಬಿಡುತ್ತಾರೆ. ಧರ್ಮ ಇದರೊಳಗೆ ಇದೆ, ನಿಜ. ಆದರೆ ಬುಡ ಸಿಗುವುದು 1880ರಿಂದ 1949ರವರೆಗಿನ ಎಪ್ಪತ್ತು ವರ್ಷಗಳ ಜಮೀನು ಖಾತೆ, ಸರ್ಕಾರಿ ಪತ್ರ, ಜನಗಣತಿ ಮತ್ತು ನಕ್ಷೆಗಳಲ್ಲಿ. ಒಂದು ಸಂಜೆ ಬಿಡುವು ಮಾಡಿಕೊಂಡರೆ ಇಷ್ಟನ್ನೂ ಒಂದೇ ಹಾಳೆಯ ಮೇಲೆ ತರಬಹುದು.

ಬೇಕಾದದ್ದು: ಒಂದು ಸೆಂ.ಮೀ. ಚೌಕಗಳಿರುವ ಎ4 ಗ್ರಾಫ್ ಹಾಳೆ, ಸ್ಕೇಲು, ಸೀಸದ ಕಡ್ಡಿ, ನೀಲಿ–ಹಸಿರು–ಕೆಂಪು ಬಣ್ಣದ ಪೆನ್ಸಿಲ್, ಮತ್ತು ಡಮಾಸ್ಕಸ್, ಅಲೆಪ್ಪೊ ಕೂಡ ಕಾಣುವಂಥ ಪಶ್ಚಿಮ ಏಷ್ಯಾದ ಒಂದು ಭೂಪಟ.

ಹಂತ 1: ನಕ್ಷೆ

ಒಂದು ಸೆಂ.ಮೀ.ಗೆ 20 ಕಿ.ಮೀ. ಲೆಕ್ಕ ಇಟ್ಟುಕೊಳ್ಳಿ. ಬ್ರಿಟಿಷ್ ಆಡಳಿತದ ಕಾಲದ ಪ್ಯಾಲೆಸ್ಟೀನ್ ಉತ್ತರದಿಂದ ದಕ್ಷಿಣಕ್ಕೆ ಸುಮಾರು 21 ಸೆಂ.ಮೀ. ಬರುತ್ತದೆ, ಅಗಲ ಎಲ್ಲಿಯೂ ಏಳು ಸೆಂ.ಮೀ. ದಾಟುವುದಿಲ್ಲ. ಪಶ್ಚಿಮಕ್ಕೆ ಮೆಡಿಟರೇನಿಯನ್ ಕಡಲು, ಪೂರ್ವಕ್ಕೆ ಜೋರ್ಡನ್ ನದಿ ಮತ್ತು ಮೃತ ಸಮುದ್ರ. ಒಂದು ಚೌಕವೆಂದರೆ 400 ಚದರ ಕಿ.ಮೀ. ಒಟ್ಟು ನೆಲ 26,300 ಚದರ ಕಿ.ಮೀ. ಆಸುಪಾಸು, ಅಂದರೆ 66 ಚೌಕ. ಕರ್ನಾಟಕದ ಏಳನೇ ಒಂದು ಭಾಗವೂ ಇಲ್ಲ. ಈ 66 ಅನ್ನು ಹಾಳೆಯ ಮೂಲೆಯಲ್ಲಿ ದೊಡ್ಡದಾಗಿ ಬರೆಯಿರಿ. ಮುಂದಿನ ಲೆಕ್ಕವೆಲ್ಲ ಇದರದ್ದೇ.

ಸಾಮಾನ್ಯವಾಗಿ ತಪ್ಪುವುದು ಇಲ್ಲೇ. 1917ಕ್ಕೆ ಮುಂಚೆ ಈ ಗಡಿಯೊಳಗೆ ಒಂದು ಪ್ರಾಂತ್ಯ ಇತ್ತೆಂದು ಗೆರೆ ಎಳೆಯಬೇಡಿ. ಆಟೊಮನ್ ತುರ್ಕರ ಕೊನೆಯ ದಶಕಗಳಲ್ಲಿ ಜೆರುಸಲೇಂ ಜಿಲ್ಲೆ ನೇರ ಇಸ್ತಾಂಬುಲ್‌ನ ಕೈಕೆಳಗಿತ್ತು. ಉತ್ತರದ ನಾಬ್ಲುಸ್ ಮತ್ತು ಆಕ್ರೆ ಜಿಲ್ಲೆಗಳು ಬೈರೂತ್ ಪ್ರಾಂತ್ಯಕ್ಕೆ ಸೇರಿದ್ದವು. ಹಾಗೆಂದು ‘ಪ್ಯಾಲೆಸ್ಟೀನ್ ಎಂಬುದೇ ಇರಲಿಲ್ಲ’ ಎಂದು ಹಾರುವುದೂ ತಪ್ಪು. ಆಡಳಿತದ ಗೆರೆ ಬೇರೆ, ಊರು–ಹೊಲ–ಹೆಸರು ಬೇರೆ. ಮೈಸೂರು ರಾಜ್ಯ, ಬಾಂಬೆ, ಹೈದರಾಬಾದ್, ಮದ್ರಾಸ್ ಎಂದು ಹರಿದು ಹಂಚಿಹೋಗಿದ್ದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಂತ 2: ಜಮೀನು ಯಾರ ಖಾತೆಯಲ್ಲಿ?

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. 1858ರಲ್ಲಿ ತುರ್ಕರು ಹೊಸ ಭೂ ಕಾನೂನು ತಂದರು. ಉಳುವವರು ಹೊಲವನ್ನು ಹೆಸರಿಗೆ ನೋಂದಾಯಿಸಿಕೊಳ್ಳಬೇಕಿತ್ತು. ಬಹಳ ರೈತರು ಹೋಗಲಿಲ್ಲ. ಹೆಸರು ಬರೆಸಿದರೆ ತೆರಿಗೆಯವನಿಗೂ ಗೊತ್ತಾಗುತ್ತದೆ, ಮಗನನ್ನು ಸೈನ್ಯಕ್ಕೆ ಎಳೆದೊಯ್ಯುವವನಿಗೂ ಗೊತ್ತಾಗುತ್ತದೆ ಎಂಬ ಭಯ. ಹೀಗಾಗಿ ಎಷ್ಟೋ ಹಳ್ಳಿಗಳ ನೆಲ ಊರ ದೊಡ್ಡವರ, ಪಟ್ಟಣದ ವ್ಯಾಪಾರಿಗಳ ಖಾತೆಗೆ ಹೋಯಿತು. ಬೈರೂತ್‌ನ ಸುರ್ಸೂಕ್ ಮನೆತನ 1870ರ ದಶಕದಲ್ಲಿ ಜೆಜ್ರೀಲ್ ಕಣಿವೆಯ ದೊಡ್ಡ ಭಾಗ ಕೊಂಡಿತು. ಒಡೆಯ ಬೈರೂತ್‌ನಲ್ಲಿ, ಗೇಣಿದಾರ ಹೊಲದಲ್ಲಿ. ಗೇಣಿದಾರನಿಗೆ ಅದು ಅಪ್ಪ–ಅಜ್ಜ ಉತ್ತ ನೆಲ. ಕಾಗದದಲ್ಲಿ ಅವನ ಹೆಸರೇ ಇಲ್ಲ.

ಇದರ ಪಕ್ಕಕ್ಕೆ ಯುರೋಪಿನ ಸಾಲು ಬರೆಯಿರಿ. 1881ರಲ್ಲಿ ರಷ್ಯಾದ ಎರಡನೇ ಅಲೆಕ್ಸಾಂಡರ್‌ನ ಕೊಲೆಯಾದ ಮೇಲೆ ಅಲ್ಲಿ ಯಹೂದಿಗಳ ಮೇಲೆ ಸರಣಿ ದಾಳಿ. 1882ರಿಂದ ಪ್ಯಾಲೆಸ್ಟೀನಿಗೆ ಮೊದಲ ವಲಸೆ ಅಲೆ. 1897ರಲ್ಲಿ ಥಿಯೊಡೋರ್ ಹರ್ಟ್‌ಸ್ಲ್ ನೇತೃತ್ವದಲ್ಲಿ ಬಾಸೆಲ್‌ನಲ್ಲಿ ಮೊದಲ ಜಿಯೊನಿಸ್ಟ್ (ಪ್ಯಾಲೆಸ್ಟೀನಿನಲ್ಲಿ ಯಹೂದಿಗಳಿಗೆ ನೆಲೆ ಬೇಕೆಂಬ ಚಳವಳಿಯ) ಸಮಾವೇಶ. 1901ರಲ್ಲಿ ಜಮೀನು ಕೊಳ್ಳಲೆಂದೇ ಯಹೂದಿ ರಾಷ್ಟ್ರೀಯ ನಿಧಿ. ಹೊಡೆತ ತಿಂದು ಬಂದವರಿಗೆ ಇದು ಪೂರ್ವಜರ ನೆಲಕ್ಕೆ ಮರಳುವಿಕೆ. ಆ ನಂಟು ಪ್ರಾರ್ಥನೆಯಲ್ಲಿ ಎಂದೂ ಕಡಿದಿರಲಿಲ್ಲ. ಅಲ್ಲಿದ್ದವರ ಕಣ್ಣಿಗೆ ಅದೇ ಜನ ಹೊರಗಿನಿಂದ ಬಂದವರು.

ಎರಡೂ ಸಾಲು ಕೂಡಿದ ಜಾಗ ಅಲ್–ಫೂಲಾ, ಇಂದಿನ ಅಫುಲಾ. ಹೈಫಾದಿಂದ ಆಗ್ನೇಯಕ್ಕೆ ಎರಡು ಸೆಂ.ಮೀ. ದೂರದಲ್ಲಿ ಚುಕ್ಕಿ ಇಡಿ. 1910ರಲ್ಲಿ ಸುರ್ಸೂಕ್‌ಗಳು ಇಲ್ಲಿನ ಸುಮಾರು 10,000 ದೂನಮ್ (ಅಲ್ಲಿನ ಜಮೀನಿನ ಅಳತೆ) ನೆಲವನ್ನು ಯಹೂದಿ ರಾಷ್ಟ್ರೀಯ ನಿಧಿಗೆ ಮಾರಿದರು. ನಜರೆತ್‌ನ ಆಡಳಿತಾಧಿಕಾರಿ ಶುಕ್ರಿ ಅಲ್–ಅಸಲಿ ಖಾತೆ ಬದಲಿಸಲು ಒಪ್ಪಲಿಲ್ಲ. ಮೇಲಿನವರು ಅವರನ್ನು ಮೀರಿ ಮಾರಾಟ ನಡೆಸಿದರು. ಒಕ್ಕಲುಗಳು ಎದ್ದು ಹೋದರು. 1948 ಇನ್ನೂ 38 ವರ್ಷ ದೂರವಿತ್ತು.

ದೂನಮ್ ಲೆಕ್ಕದಲ್ಲಿ ಎಚ್ಚರ. ಬ್ರಿಟಿಷರ ಕಾಲದ ದೂನಮ್ 1,000 ಚದರ ಮೀಟರ್. ನಮ್ಮ ಹತ್ತು ಗುಂಟೆಗೆ ಚೂರು ಕಡಿಮೆ, ನಾಲ್ಕು ಸೇರಿದರೆ ಹತ್ತಿರ ಹತ್ತಿರ ಒಂದು ಎಕರೆ. ತುರ್ಕರ ಹಳೆಯ ದೂನಮ್ ಸುಮಾರು 919 ಚದರ ಮೀಟರ್. ಎರಡನ್ನೂ ಬೆರೆಸಿದರೆ ಲೆಕ್ಕ ಶೇ 8ರಷ್ಟು ಕೆಡುತ್ತದೆ.

ಹಂತ 3: ಮೂರು ಕಾಗದ

ಮೊದಲ ಮಹಾಯುದ್ಧದ ನಡುವೆ ಬ್ರಿಟನ್ ಬರೆದ ಮೂರು ಕಾಗದಗಳನ್ನು ಪಕ್ಕಪಕ್ಕ ಇಡಿ.

ಒಂದನೆಯದು, 1915ರ ಅಕ್ಟೋಬರ್ 24ರಂದು ಈಜಿಪ್ಟಿನ ಬ್ರಿಟಿಷ್ ಹೈಕಮಿಷನರ್ ಮೆಕ್‌ಮಹೊನ್ ಮೆಕ್ಕಾದ ಷರೀಫ್ ಹುಸೇನ್‌ಗೆ ಬರೆದ ಪತ್ರ. ತುರ್ಕರ ವಿರುದ್ಧ ಎದ್ದರೆ ಅರಬ್ ಸ್ವಾತಂತ್ರ್ಯಕ್ಕೆ ಬೆಂಬಲ. ಆದರೆ ಡಮಾಸ್ಕಸ್, ಹೋಮ್ಸ್, ಹಮಾ, ಅಲೆಪ್ಪೊ ಜಿಲ್ಲೆಗಳ ಪಶ್ಚಿಮಕ್ಕಿರುವ ಸಿರಿಯಾದ ಭಾಗ ಬಿಟ್ಟು. ಭೂಪಟದಲ್ಲಿ ಡಮಾಸ್ಕಸ್‌ನಿಂದ ನೇರ ಪಶ್ಚಿಮಕ್ಕೆ ಸ್ಕೇಲು ಇಡಿ. ಗೆರೆ ಲೆಬನಾನಿನ ಸಿಡಾನ್ ಬಳಿ ಕಡಲು ಮುಟ್ಟುತ್ತದೆ. ಜೆರುಸಲೇಂ ಅದಕ್ಕಿಂತ ಎಷ್ಟೋ ಕೆಳಗೆ. ಪ್ಯಾಲೆಸ್ಟೀನ್ ಬಿಟ್ಟ ಭಾಗದಲ್ಲಿಲ್ಲ, ಹಾಗಾಗಿ ನಮ್ಮದೇ ಎಂದರು ಅರಬರು. ‘ಜಿಲ್ಲೆ’ ಎಂದರೆ ದಕ್ಷಿಣಕ್ಕೆ ಅಕಾಬಾವರೆಗೂ ಚಾಚಿದ್ದ ಇಡೀ ಸಿರಿಯಾ ಪ್ರಾಂತ್ಯ ಎಂಬುದು ಬ್ರಿಟನ್ ಆಮೇಲೆ ಹೂಡಿದ ವಾದ. ಸ್ಕೇಲು ಅರಬರ ಕಡೆಗಿದೆ ಎಂಬುದು ನಮ್ಮ ಅಭಿಪ್ರಾಯ. ಆದರೂ ಪತ್ರದಲ್ಲಿ ಫ್ರಾನ್ಸಿನ ಹಿತಕ್ಕೆ ಧಕ್ಕೆಯಾಗದಂತೆ ಎಂಬ ಇನ್ನೊಂದು ಷರತ್ತೂ ಇದೆ, ಅದನ್ನು ಮರೆಯಬೇಡಿ.

ಎರಡನೆಯದು 1916ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ತುರ್ಕರ ನೆಲವನ್ನು ಹಂಚಿಕೊಳ್ಳಲು ಮಾಡಿಕೊಂಡ ಸೈಕ್ಸ್–ಪೀಕೊ ಗುಪ್ತ ಒಪ್ಪಂದ. ಅದರಲ್ಲಿ ಪ್ಯಾಲೆಸ್ಟೀನಿನ ಬಹುಭಾಗ ಅಂತರರಾಷ್ಟ್ರೀಯ ಆಡಳಿತಕ್ಕೆ.

ಮೂರನೆಯದು 1917ರ ನವೆಂಬರ್ 2ರ ಬಾಲ್ಫರ್ ಘೋಷಣೆ. ಪ್ಯಾಲೆಸ್ಟೀನಿನಲ್ಲಿ ಯಹೂದಿಗಳ ನೆಲೆಗೆ ಬೆಂಬಲ ಎಂದು ಬ್ರಿಟಿಷ್ ವಿದೇಶಾಂಗ ಮಂತ್ರಿ ಬಾಲ್ಫರ್ ಕೊಟ್ಟ ಮಾತು. ಇಂಗ್ಲಿಷ್ ಮೂಲದಲ್ಲಿ ಬರೇ 67 ಪದ. ಮೂರು ಜಾಗಕ್ಕೆ ಅಡಿಗೆರೆ ಹಾಕಿ. ‘ರಾಷ್ಟ್ರೀಯ ನೆಲೆ’ ಎಂದಿದೆ, ರಾಷ್ಟ್ರ ಎಂದಿಲ್ಲ. ‘ಪ್ಯಾಲೆಸ್ಟೀನಿನಲ್ಲಿ’ ಎಂದಿದೆ, ಪ್ಯಾಲೆಸ್ಟೀನನ್ನೇ ಎಂದಿಲ್ಲ. ಜನಸಂಖ್ಯೆಯ ಸುಮಾರು ಶೇ 90ರಷ್ಟಿದ್ದ ಅರಬರಿಗೆ ಇಟ್ಟ ಹೆಸರು ‘ಈಗಿರುವ ಯಹೂದ್ಯೇತರ ಸಮುದಾಯಗಳು’. ಅವರಿಗೆ ನಾಗರಿಕ ಮತ್ತು ಧಾರ್ಮಿಕ ಹಕ್ಕಿನ ರಕ್ಷಣೆ ಮಾತ್ರ. ‘ರಾಜಕೀಯ’ ಎಂಬ ಪದ ಬರುವುದು ಬೇರೆ ದೇಶಗಳ ಯಹೂದಿಗಳ ಸ್ಥಾನಮಾನದ ಮಾತಿನಲ್ಲಿ. ಇದೇ ಘೋಷಣೆ 1922ರಲ್ಲಿ ರಾಷ್ಟ್ರಗಳ ಒಕ್ಕೂಟ ಅನುಮೋದಿಸಿದ, ಬ್ರಿಟನ್ನಿಗೆ ಪ್ಯಾಲೆಸ್ಟೀನ್ ಆಳುವ ಅಧಿಕಾರ ಕೊಟ್ಟ ಮ್ಯಾಂಡೇಟ್‌ನೊಳಗೆ ಸೇರಿ ಬ್ರಿಟಿಷ್ ಆಡಳಿತದ ಕಟ್ಟಳೆಯಾಯಿತು.

(ಹೈಫಾದ ಚುಕ್ಕಿಯ ಪಕ್ಕ 23–9–1918 ಎಂದೂ ಬರೆದುಕೊಳ್ಳಿ. ಆ ದಿನ ಊರನ್ನು ತುರ್ಕರಿಂದ ಗೆದ್ದದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಪಡೆಯ ಸ್ಮಾರಕವಿದೆ.)

ಹಂತ 4: ತಲೆ ಎಣಿಕೆ

1922ರ ಜನಗಣತಿ: ಒಟ್ಟು 7.57 ಲಕ್ಷ, ಅದರಲ್ಲಿ ಯಹೂದಿಗಳು ಸುಮಾರು 84,000. 1931: 10.35 ಲಕ್ಷದಲ್ಲಿ ಸುಮಾರು 1.75 ಲಕ್ಷ. 1947ರ ಹೊತ್ತಿಗೆ ಮೂರನೇ ಒಂದು ಭಾಗ. ಶೇ 11ರಿಂದ ಶೇ 33ಕ್ಕೆ 25 ವರ್ಷ.

ಕಾರಣ ಬರೆಯದೆ ಅಂಕಿ ಮಾತ್ರ ಬರೆದರೆ ಹಾಳೆ ಸುಳ್ಳು ಹೇಳುತ್ತದೆ. 1924ರಲ್ಲಿ ಅಮೆರಿಕ ವಲಸೆಗೆ ಬಾಗಿಲು ಬಿಗಿ ಮಾಡಿತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. 1935 ಒಂದೇ ವರ್ಷದಲ್ಲಿ 60,000ಕ್ಕೂ ಹೆಚ್ಚು ಯಹೂದಿಗಳು ಬಂದಿಳಿದರು. ಬಂದವರಿಗೆ ಬೇರೆ ದಾರಿ ಇರಲಿಲ್ಲ. ಇದ್ದವರಿಗೆ ತಮ್ಮೂರಲ್ಲೇ ಅಲ್ಪಸಂಖ್ಯಾತರಾಗುವ ದಿನ ಕಣ್ಣಿಗೆ ಕಾಣುತ್ತಿತ್ತು. 1929ರಲ್ಲಿ ಜೆರುಸಲೇಮಿನ ಪಶ್ಚಿಮ ಗೋಡೆಯ ತಂಟೆ ಗಲಭೆಯಾಗಿ ಹಬ್ಬಿ 133 ಯಹೂದಿಗಳು, 116 ಅರಬರು ಸತ್ತರು. 1936ರಲ್ಲಿ ಅರಬರ ಆರು ತಿಂಗಳ ಮುಷ್ಕರ, ಮುಂದೆ 1939ರವರೆಗೆ ದಂಗೆ.

ಹಂತ 5: ಚೌಕ ತುಂಬಿಸುವುದು

ಹಾಳೆಯ ಖಾಲಿ ಬದಿಯಲ್ಲಿ 66 ಚೌಕಗಳ ಒಂದು ಪಟ್ಟಿ ಮಾಡಿಕೊಳ್ಳಿ. ಬ್ರಿಟನ್ ನೇಮಿಸಿದ್ದ ಪೀಲ್ ಆಯೋಗ 1937ರಲ್ಲಿ ಮೊದಲ ಬಾರಿಗೆ ವಿಭಜನೆ ಸೂಚಿಸಿತು: ಯಹೂದಿ ರಾಷ್ಟ್ರಕ್ಕೆ ಐದನೇ ಒಂದು ಭಾಗದಷ್ಟು, ಸುಮಾರು 13 ಚೌಕ. ಜನರ ಅದಲುಬದಲಿನ ಮಾತೂ ಅದರಲ್ಲಿತ್ತು. ಒಂದು ಕಡೆಯಿಂದ 2,25,000 ಅರಬರು, ಇನ್ನೊಂದು ಕಡೆಯಿಂದ 1,250 ಯಹೂದಿಗಳು. 1939ರ ಶ್ವೇತಪತ್ರದಲ್ಲಿ ಬ್ರಿಟನ್ ತಿರುಗಿ ನಿಂತು ಐದು ವರ್ಷಕ್ಕೆ 75,000 ವಲಸಿಗರು ಸಾಕು ಎಂದಿತು. ಯುರೋಪಿನಲ್ಲಿ 60 ಲಕ್ಷ ಯಹೂದಿಗಳ ಹತ್ಯೆಯಾದ ವರ್ಷಗಳಲ್ಲಿ ಜಾರಿಯಲ್ಲಿದ್ದದ್ದು ಈ ಮಿತಿ.

1947ರ ನವೆಂಬರ್ 29ರಂದು ನಾಡನ್ನು ಎರಡು ರಾಷ್ಟ್ರಗಳಾಗಿ ಹಂಚುವ ವಿಶ್ವಸಂಸ್ಥೆಯ 181ನೇ ನಿರ್ಣಯ: ಪರ 33, ವಿರುದ್ಧ 13, ತಟಸ್ಥ 10. ಭಾರತ ವಿರುದ್ಧ ಮತ ಹಾಕಿತು. ನೀಲಿಯಲ್ಲಿ 37 ಚೌಕ ಯಹೂದಿ ರಾಷ್ಟ್ರಕ್ಕೆ, ಹಸಿರಿನಲ್ಲಿ 28 ಅರಬ್ ರಾಷ್ಟ್ರಕ್ಕೆ; ಉಳಿದ ಚೂರು ಅಂತರರಾಷ್ಟ್ರೀಯ ಜೆರುಸಲೇಂ.

ಇಲ್ಲಿ ವಾದ ಕಾವೇರುತ್ತದೆ, ನಿಧಾನ ಮಾಡಿ. ಯಹೂದಿಗಳ ಖಾತೆಯಲ್ಲಿದ್ದ ನೆಲ ಆಗ ಶೇ 7ರ ಆಸುಪಾಸು, ನಾಲ್ಕೂವರೆ ಚೌಕ. ಹಾಗಾದರೆ ಉಳಿದ ಅರವತ್ತೊಂದೂವರೆ ಅರಬರ ಖಾತೆಯದ್ದೇ? ಅಲ್ಲ. ನೆಗೆವ್ ಮರುಭೂಮಿಯಂಥ ದೊಡ್ಡ ಭಾಗ ಯಾರ ಹೆಸರಿಗೂ ನೋಂದಣಿಯಾಗಿರಲಿಲ್ಲ. ಯಹೂದಿ ಪಾಲಿನ 37ರಲ್ಲಿ ಬಹಳಷ್ಟು ಅದೇ. ಇನ್ನೊಂದು ಬದಿಯ ಅಂಕಿ: ಪ್ರಸ್ತಾಪಿತ ಯಹೂದಿ ರಾಷ್ಟ್ರದೊಳಗೆ 4,98,000 ಯಹೂದಿಗಳ ಜತೆ ಬೆದೂಯಿನ್‌ಗಳನ್ನು ಬಿಟ್ಟು 4,07,000 ಅರಬರು ಇರುತ್ತಿದ್ದರು. ಯಹೂದಿ ಮುಖಂಡರು ಒಪ್ಪಿದರು, ಅರಬ್ ಮುಖಂಡರು ತಳ್ಳಿಹಾಕಿದರು, ಮರುದಿನವೇ ಕಾದಾಟ.

ಹಂತ 6: ಕೆಂಪು ಗೆರೆ

1948ರ ಮೇ 14ಕ್ಕೆ ಇಸ್ರೇಲ್ ಘೋಷಣೆ, 15ಕ್ಕೆ ಅರಬ್ ದೇಶಗಳ ಸೈನ್ಯಗಳ ಪ್ರವೇಶ. ನಿರಾಶ್ರಿತರ ಸಾಲು ಮೇ 15ರ ನಂತರ ಶುರುವಾಯಿತೆಂದು ಬರೆಯುವುದು ಪದೇ ಪದೇ ಕಾಣುವ ತಪ್ಪು. ಅಷ್ಟರಲ್ಲಾಗಲೇ ಹೈಫಾ, ಜಾಫಾಗಳಿಂದ ಬಹುಪಾಲು ಅರಬರು ಹೋಗಿದ್ದರು. ಏಪ್ರಿಲ್ 9ರಂದು ಯಹೂದಿ ಸಶಸ್ತ್ರ ಗುಂಪುಗಳು ದೇರ್ ಯಾಸೀನ್ ಎಂಬ ಅರಬ್ ಹಳ್ಳಿಯಲ್ಲಿ ನಡೆಸಿದ ಹತ್ಯಾಕಾಂಡದ ಭಯ, ಕಾದಾಟ, ಮುಖಂಡರ ಪಲಾಯನ, ಜುಲೈನಲ್ಲಿ ಲಿಡ್ಡಾ–ರಾಮ್ಲೆಯಂಥ ಕಡೆ ಆಜ್ಞೆ ಹೊರಡಿಸಿಯೇ ಹೊರಗಟ್ಟಿದ್ದು, ಎಲ್ಲ ಸೇರಿ 7 ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆ ಕಳೆದುಕೊಂಡರು. ಮರಳಲು ಇಸ್ರೇಲ್ ಬಿಡಲಿಲ್ಲ. ಒಂದೇ ಯುದ್ಧಕ್ಕೆ ಇಸ್ರೇಲಿಗಳು ‘ಸ್ವಾತಂತ್ರ್ಯ ಯುದ್ಧ’ ಎನ್ನುತ್ತಾರೆ, ಪ್ಯಾಲೆಸ್ಟೀನಿಯರು ‘ನಕ್ಬಾ’, ಅಂದರೆ ಮಹಾ ದುರಂತ. ಹಾಳೆಯಲ್ಲಿ ಎರಡನ್ನೂ ಬರೆಯಿರಿ. ಮುಂದಿನ ವರ್ಷಗಳಲ್ಲಿ ಅರಬ್ ದೇಶಗಳನ್ನು ಬಿಟ್ಟುಬಂದ ಲಕ್ಷಾಂತರ ಯಹೂದಿಗಳಿಗೂ ಒಂದು ಸಾಲು ಇರಲಿ.

1948ರ ನವೆಂಬರ್‌ನಲ್ಲಿ ಜೆರುಸಲೇಮಿನಲ್ಲಿ ಇಸ್ರೇಲಿನ ಮೋಶೆ ದಯಾನ್, ಜೋರ್ಡನ್ ಕಡೆಯ ಅಬ್ದುಲ್ಲಾ ಅಲ್–ತಲ್ 1:20,000 ಅಳತೆಯ ನಕ್ಷೆಯ ಮೇಲೆ ಮೇಣದ ಪೆನ್ಸಿಲ್‌ನಲ್ಲಿ ತಮ್ಮ ತಮ್ಮ ಗೆರೆ ಎಳೆದರು. ಒಬ್ಬರದ್ದು ಹಸಿರು, ಇನ್ನೊಬ್ಬರದ್ದು ಕೆಂಪು. ಮೊಂಡು ಮೊನೆ, ಗೆರೆಯ ದಪ್ಪ ಮೂರು–ನಾಲ್ಕು ಮಿ.ಮೀ. ಗುಣಿಸಿ ನೋಡಿ: ನೆಲದ ಮೇಲೆ 60ರಿಂದ 80 ಮೀಟರ್. ಮನೆಗಳು, ಬೀದಿಗಳು ಗೆರೆಯ ಈಚೆಗೂ ಅಲ್ಲ, ಆಚೆಗೂ ಅಲ್ಲ, ಗೆರೆಯ ಅಡಿಗೇ ಬಿದ್ದವು.

ನಿಮ್ಮ ಹಾಳೆಯಲ್ಲಿ ಒಂದು ಮಿ.ಮೀ. ಗೆರೆಯೇ ಎರಡು ಕಿ.ಮೀ. ನುಂಗುತ್ತದೆ, ಹಾಗಾಗಿ ಕೆಂಪು ಪೆನ್ಸಿಲ್ ಚೆನ್ನಾಗಿ ಕೊರೆದುಕೊಂಡು 1949ರ ಕದನವಿರಾಮ ರೇಖೆ ಎಳೆಯಿರಿ. ಪಟ್ಟಿಯಲ್ಲಿ ಇಸ್ರೇಲಿಗೆ 51 ಚೌಕ. ಜೋರ್ಡನ್ ಕೈಗೆ ಹೋದ ಪಶ್ಚಿಮ ದಂಡೆ 14. ಈಜಿಪ್ಟ್ ಹಿಡಿದ ಗಾಜಾ ಒಂದಕ್ಕೂ ಕಡಿಮೆ. ಗಾಜಾ ಪಟ್ಟಿ ನಕ್ಷೆಯಲ್ಲಿ ಎರಡು ಸೆಂ.ಮೀ. ಉದ್ದ, ಮೂರರಿಂದ ಆರು ಮಿ.ಮೀ. ಅಗಲ. ಸುಮಾರು 80,000 ಜನರಿದ್ದ ಆ ಚೂರಿಗೆ ಯುದ್ಧದಲ್ಲಿ ಬಂದು ಸೇರಿದ ನಿರಾಶ್ರಿತರು ಎರಡು ಲಕ್ಷದಷ್ಟು. ಅದರೊಳಗೆ ಹೆಸರು, ಅಂಕಿ ಬರೆಯಲು ಜಾಗ ಸಾಲದು. ಕಡಲಿನ ಮೇಲೆ ಬರೆದು ಬಾಣ ಹಾಕಿ.